ಮೆಷಿನ್ ಆಮೇಲೆ ಕೊಳ್ಳಿ, ಮೊದಲು ಗ್ಯಾಸ್ ಎಲ್ಲಿ ತುಂಬಿಸುತ್ತಾರೆ ನೋಡಿ

ಮನೆಯಲ್ಲೇ ಗಾಡಿ ರಿಪೇರಿ ಮಾಡಿಕೊಳ್ಳುವವರು ವೆಲ್ಡಿಂಗ್ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ಸರ್, ನನ್ನ ಹತ್ತಿರ ಹಳೇ ಮಾರುತಿ 800 ಇದೆ. ಉಪ್ಪು ಗಾಳಿಗೆ ಫ್ಲೋರ್ ತುಕ್ಕು ಹಿಡಿದು ಡ್ರೈವರ್ ಕಾಲ ಕೆಳಗೆ ರಸ್ತೆ ಕಾಣುತ್ತಿದೆ. ಗೇಟು, ಗ್ರಿಲ್ಲಿನ ಕೆಲಸಕ್ಕೆ ತಂದ 200 ಆಂಪಿಯರ್ ರಾಡ್ ವೆಲ್ಡಿಂಗ್ ಮೆಷಿನ್ ಮನೆಯಲ್ಲಿದೆ. ಅದರಲ್ಲಿ ತೇಪೆ ಹಚ್ಚಲು ಹೋದರೆ ತೂತು ಇನ್ನೂ ದೊಡ್ಡದಾಗುತ್ತದೆ. ಮಿಗ್ ಮೆಷಿನ್ ತೆಗೆದುಕೊಳ್ಳೋಣ ಎಂದಿದ್ದೇನೆ. ಗ್ಯಾಸ್ ಇಲ್ಲದೆಯೂ ನಡೆಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವಾ?
– ಕುಂದಾಪುರದ ಓದುಗರು

ಉತ್ತರ: ತೂತು ದೊಡ್ಡದಾಗುವುದು ನಿಮ್ಮ ಕೈಯ ತಪ್ಪಲ್ಲ. ನಿಮ್ಮ ಕಾರಿನ ತಗಡು ಹೊಸದಿದ್ದಾಗಲೇ ಒಂದು ಮಿಲಿಮೀಟರಿಗಿಂತ ತೆಳು. ತುಕ್ಕು ತಿಂದ ಮೇಲೆ ಉಳಿದಿರುವುದು ಇನ್ನೂ ಕಡಿಮೆ. ಎಲ್ಲ ಅಂಗಡಿಯಲ್ಲಿ ಸಿಗುವ 2.5 ಮಿ.ಮೀ. ರಾಡ್ ಸರಿಯಾಗಿ ಉರಿಯಬೇಕಾದರೆ 60ರಿಂದ 90 ಆಂಪಿಯರ್ ಬೇಕು. ಅಷ್ಟು ಬಿಸಿಯನ್ನು ಆ ತಗಡು ತಾಳುವುದಿಲ್ಲ. 2 ಮಿ.ಮೀ. ರಾಡ್ ಹಾಕಿ, ಚುಕ್ಕೆ ಚುಕ್ಕೆಯಾಗಿ ಹೊಡೆದು ಸಂಭಾಳಿಸುವ ಟಿಂಕರಿಂಗ್ ಉಸ್ತಾದರು ಇದ್ದಾರೆ. ಅವರ ಕೈಯನ್ನು ನಾವು ಭಾನುವಾರ ಭಾನುವಾರ ಕೆಲಸ ಮಾಡಿ ಸಂಪಾದಿಸಲು ಆಗುವುದಿಲ್ಲ. ಹಾಗಾಗಿ ಮಿಗ್ ಎಂಬ ನಿಮ್ಮ ಯೋಚನೆ ಸರಿ. ಇದರಲ್ಲಿ ರಾಡಿನ ಬದಲು ತೆಳು ವೈರ್ ಟಾರ್ಚಿನ ಮೂತಿಯಿಂದ ತಾನಾಗಿ ಬರುತ್ತದೆ, ಜೊತೆಗೆ ಬರುವ ಗ್ಯಾಸ್ ಬೆಸುಗೆಗೆ ಗಾಳಿ ತಾಗದಂತೆ ಕಾಯುತ್ತದೆ. ನಮ್ಮ ಕಡೆ ಫ್ಯಾಬ್ರಿಕೇಶನ್‌ನವರು ಸಿಓಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್ ಎನ್ನುವುದೂ ಇದನ್ನೇ.

ಈಗ ಗ್ಯಾಸ್ ವಿಷಯ. ಅಂಗಡಿಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಗ್ಯಾಸ್ ಇಲ್ಲದೆ ನಡೆಸಬೇಕಾದರೆ ಫ್ಲಕ್ಸ್ ಕೋರ್ ವೈರ್ ಹಾಕಬೇಕು. ವೈರಿನ ಹೊಟ್ಟೆಯಲ್ಲಿರುವ ಪುಡಿ ಉರಿದು ಅದೇ ಹೊಗೆ ಬೆಸುಗೆಯನ್ನು ಗಾಳಿಯಿಂದ ಕಾಯುತ್ತದೆ. ಬಯಲಲ್ಲಿ, ದಪ್ಪ ಆ್ಯಂಗಲ್ ಮೇಲೆ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಒಳ್ಳೆಯ ಕೆಲಸ ಕೊಡುತ್ತದೆ. ಕಾರಿನ ತಗಡಿನ ಮೇಲೆ ಮಾತ್ರ ಕಿಡಿ ಜಾಸ್ತಿ, ಬಿಸಿ ಜಾಸ್ತಿ, ಪ್ರತಿ ಸಲ ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಎಂಬ ಗಟ್ಟಿ ಪದರವನ್ನು ಕುಟ್ಟಿ ತೆಗೆಯುವ ಕೆಲಸ ಬೇರೆ. ಇನ್ನೊಂದು ಮಾತು. ಗ್ಯಾಸ್ ಇಲ್ಲದ ವೈರಿಗೆ ಸಾಮಾನ್ಯವಾಗಿ ಟಾರ್ಚ್ ಮೈನಸ್‌ಗೆ ಬರಬೇಕು, ಗ್ಯಾಸ್ ಜೊತೆಗಿನ ಗಟ್ಟಿ ವೈರಿಗೆ ಪ್ಲಸ್‌ಗೆ. ಮೆಷಿನ್ ಒಳಗಿನ ಆ ಕನೆಕ್ಷನ್ ಬದಲಿಸದೆ, ವೈರ್ ಮಾತ್ರ ಬದಲಿಸಿ "ಮೆಷಿನ್ನೇ ಸರಿಯಿಲ್ಲ" ಎಂದು ವಾಪಸ್ ಕೊಡುವವರು ಬಹಳ ಜನ.

ನಿಮ್ಮ ಕೆಲಸಕ್ಕೆ ಬೇಕಾದದ್ದು 0.8 ಮಿ.ಮೀ. ತಾಮ್ರ ಲೇಪದ ಇಆರ್70ಎಸ್-6 ವೈರ್ ಮತ್ತು ಗ್ಯಾಸ್. 0.6 ಸಿಕ್ಕರೆ ಇನ್ನೂ ಒಳ್ಳೆಯದು. ಗ್ಯಾಸಿನಲ್ಲಿ ಎರಡು ದಾರಿ ಇದೆ: ಬರೀ ಸಿಓಟು, ಇಲ್ಲವೇ ಆರ್ಗಾನ್ ಜೊತೆ ನೂರಕ್ಕೆ ಸುಮಾರು 20 ಭಾಗ ಸಿಓಟು ಬೆರೆಸಿದ ಮಿಕ್ಸ್. ಮಿಕ್ಸ್‌ನಲ್ಲಿ ಆರ್ಕ್ (ವೈರಿನ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆ) ಮೆತ್ತಗಿರುತ್ತದೆ, ಕಿಡಿ ಕಡಿಮೆ, ತೆಳು ತಗಡಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೂ ನಾನು ನಿಮಗೆ ಹೇಳುವುದು ಸಿಓಟು. ಕಾರಣ, ಅದು ಸಿಲಿಂಡರಿನಲ್ಲಿ ದ್ರವವಾಗಿ ನಿಲ್ಲುತ್ತದೆ. 10 ಲೀಟರ್ ನೀರು ಹಿಡಿಸುವ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ತುಂಬಿದ ಆರ್ಗಾನ್ ಮಿಕ್ಸ್ ಹೊರಬಂದರೆ ಸುಮಾರು 1500 ಲೀಟರ್. ಅಷ್ಟೇ ದೊಡ್ಡ ಸಿಲಿಂಡರಿನ ಸಿಓಟು ಅದರ ಎರಡು ಪಟ್ಟಿಗಿಂತ ಜಾಸ್ತಿ. ತುಂಬಿಸಲು ದೂರ ಹೋಗಬೇಕಾದವರಿಗೆ ಇದು ದೊಡ್ಡ ಲೆಕ್ಕ.

ಅದಕ್ಕೇ ಮೆಷಿನ್ನಿಗೆ ದುಡ್ಡು ಕೊಡುವ ಮೊದಲು ಊರಲ್ಲಿ ಒಂದು ಸುತ್ತು ಹಾಕಿ. ಫ್ಯಾಬ್ರಿಕೇಶನ್ ಶಾಪಿನವರನ್ನು ಕೇಳಿ, ಗೋಲಿಸೋಡಾ ಮಾಡುವವರನ್ನೂ ಕೇಳಿ. ಸೋಡಾಕ್ಕೆ ಹಾಕುವುದೂ ಸಿಓಟುವೇ. ಅವರಿಗೆ ಯಾರು ತಂದು ಕೊಡುತ್ತಾರೋ ಅವರೇ ನಿಮಗೂ ಕೊಡಬಹುದು. ಸಿಗದಿದ್ದರೆ ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಕೇಳಬೇಕಾದ್ದು ಮೂರು: ಸಣ್ಣ ಸಿಲಿಂಡರ್ ಇದೆಯಾ, ಬಾಡಿಗೆಯಾ ಡೆಪಾಸಿಟ್ಟಾ, ನನ್ನದೇ ಸಿಲಿಂಡರ್ ತಂದರೆ ತುಂಬಿಸುತ್ತೀರಾ. 30 ಕೆ.ಜಿ. ಗ್ಯಾಸ್ ಹಿಡಿಸುವ ದೊಡ್ಡದನ್ನು ತರಬೇಡಿ. ಅದನ್ನು ಒಬ್ಬರೇ ಎತ್ತಲು ಆಗದು. ಅಷ್ಟು ಖಾಲಿ ಮಾಡುವುದರಲ್ಲಿ ನಿಮ್ಮ ಕಾರಿಗೆ ಇನ್ನೊಂದು ಸಲ ತುಕ್ಕು ಹಿಡಿದಿರುತ್ತದೆ. ಎಲ್ಲೂ ಸಣ್ಣ ಸಿಲಿಂಡರ್ ಸಿಗಲಿಲ್ಲವೋ, ಆಗ ಫ್ಲಕ್ಸ್ ಕೋರ್ ವೈರೇ ಗತಿ. ಅದಕ್ಕೆ ತಕ್ಕ ಮೆಷಿನ್ ನೋಡಿ.

ಹೊಡೆಯುವಾಗ ಉದ್ದ ಗೆರೆ ಎಳೆಯಬೇಡಿ. ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಕತ್ತರಿಸಿ ತೆಗೆದು, ತೇಪೆ ಕೂರಿಸಿ, ಒಂದು ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ) ಇಲ್ಲಿ, ಒಂದು ಅಲ್ಲಿ ಎಂದು ದೂರ ದೂರ ಹಾಕಿ. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ, ತಾಮ್ರಕ್ಕೆ ಬೆಸುಗೆ ಅಂಟುವುದೂ ಇಲ್ಲ. ಫ್ಯಾನ್ ಆರಿಸಿ. ಮಳೆಗಾಲದ ಗಾಳಿ ಗ್ಯಾಸನ್ನು ಹಾರಿಸಿಕೊಂಡು ಹೋದರೆ ಬೆಸುಗೆಯ ತುಂಬ ಸಣ್ಣ ಸಣ್ಣ ರಂಧ್ರ ಬೀಳುತ್ತದೆ. ಕೆಲಸ ಮುಗಿದ ಮೇಲೆ ವೈರಿನ ಸ್ಪೂಲನ್ನು ಬಿಚ್ಚಿ ಗಾಳಿಯಾಡದ ಡಬ್ಬದಲ್ಲಿ ಇಡಿ. ನಿಮ್ಮೂರಿನ ಗಾಳಿಗೆ ಅದಕ್ಕೂ ತುಕ್ಕು ಬರುತ್ತದೆ.

ಬ್ಯಾಟರಿಯ ಮೈನಸ್ ಮೊದಲೇ ತೆಗೆಯಿರಿ. ಅರ್ಥಿಂಗ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ, ಪೇಂಟ್ ಕೆರೆದ ಜಾಗಕ್ಕೆ ಹಾಕಿ. ಸೀಟು, ಮ್ಯಾಟು ಎಲ್ಲ ಹೊರಗೆ. ಪೆಟ್ರೋಲ್ ಪೈಪ್ ಎಲ್ಲಿ ಹಾದುಹೋಗುತ್ತದೆ ಎಂದು ಕೆಳಗೆ ಮಲಗಿ ನೋಡಿ. ಕೊನೇ ಟ್ಯಾಕ್ ಆದ ಮೇಲೆ ಅರ್ಧ ಗಂಟೆ ಗಾಡಿ ಬಿಟ್ಟು ಹೋಗಬೇಡಿ. ಒಳಗಿನ ಫೆಲ್ಟು, ಅಂಡರ್ ಕೋಟಿಂಗು ಹೊಗೆಯಾಡುತ್ತಾ ಇದ್ದು ಆಮೇಲೆ ಹೊತ್ತಿಕೊಳ್ಳುತ್ತದೆ.

ಒಂದು ಗಡಿ ಮಾತ್ರ ದಾಟಬೇಡಿ. ಫ್ಲೋರಿನ ತೇಪೆ ನೀವೇ ಹಾಕಿಕೊಳ್ಳಿ. ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಬರುವ ಜಾಗ, ಸ್ಟೀರಿಂಗ್ ಬಾಕ್ಸಿನ ಸುತ್ತ ತುಕ್ಕು ಹಿಡಿದಿದ್ದರೆ ಕೈ ಪಳಗಿದವರಿಗೆ ಬಿಡಿ. ಚಾಸಿಸ್ ನಂಬರ್ ಇರುವ ಕಡೆ ಗ್ರೈಂಡರ್ ತಾಗಿಸಲೂ ಬೇಡಿ, ಆರ್‌ಟಿಒದಲ್ಲಿ ಉತ್ತರ ಹೇಳಿ ಸಾಕಾಗುತ್ತದೆ.

ಪ್ರಶ್ನೆ: ಸಿಓಟು ಸಿಲಿಂಡರಿನ ಮೀಟರ್ ಎಷ್ಟು ದಿನ ಕೆಲಸ ಮಾಡಿದರೂ ಇಳಿಯುವುದೇ ಇಲ್ಲ. ಬೆಳಿಗ್ಗೆ ಒಂದು ತೋರಿಸುತ್ತದೆ, ಮಧ್ಯಾಹ್ನ ಅದಕ್ಕಿಂತ ಮೇಲೆ ಹೋಗುತ್ತದೆ. ಆಮೇಲೆ ಒಂದು ದಿನ ಸಡನ್ನಾಗಿ ಗ್ಯಾಸ್ ಖಾಲಿ. ಮೀಟರ್ ಕೆಟ್ಟಿದೆಯಾ? ರೆಗ್ಯುಲೇಟರ್ ಮೇಲೆ ಮಂಜು ಕೂಡ ಕಟ್ಟುತ್ತದೆ.
– ಕಲಬುರಗಿಯ ಓದುಗರು

ಉತ್ತರ: ಮೀಟರ್ ಸರಿಯಾಗಿಯೇ ಇದೆ. ಅಡುಗೆ ಗ್ಯಾಸಿನ ಸಿಲಿಂಡರ್ ಇದ್ದ ಹಾಗೆಯೇ ಇದು: ಒಳಗೆ ದ್ರವ, ಮೇಲೆ ಅನಿಲ. ದ್ರವ ಒಂದಿಷ್ಟು ಉಳಿದಿರುವ ತನಕ ಒತ್ತಡ ನಿರ್ಧಾರವಾಗುವುದು ಬಿಸಿಯಿಂದ, ಗ್ಯಾಸ್ ಎಷ್ಟಿದೆ ಎಂಬುದರಿಂದಲ್ಲ. 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72. 31 ಡಿಗ್ರಿ ದಾಟಿದರೆ ಸಿಓಟು ದ್ರವವಾಗಿ ಉಳಿಯುವುದೇ ಇಲ್ಲ, ತುಂಬಿದ ಸಿಲಿಂಡರಿನಲ್ಲಿ ಒತ್ತಡ ಇನ್ನೂ ಏರುತ್ತದೆ. ನಿಮ್ಮ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ. ಆದ್ದರಿಂದ ತಗಡಿನ ಶೆಡ್ಡಿನ ಬಿಸಿಲ ಬದಿಗೆ ಸಿಲಿಂಡರ್ ನಿಲ್ಲಿಸಬೇಡಿ. ಮರದ ನೆರಳಾದರೂ ಸರಿ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ.

ಎಷ್ಟು ಉಳಿದಿದೆ ಎಂದು ತಿಳಿಯಲು ತೂಗುವುದೇ ದಾರಿ. ಖಾಲಿ ತೂಕವನ್ನು ಸಿಲಿಂಡರಿನ ಹೆಗಲ ಮೇಲೆ ಒತ್ತಿರುತ್ತಾರೆ. ತೂಗಿದ ತೂಕದಲ್ಲಿ ಅದನ್ನು ಕಳೆಯಿರಿ. ಒಂದು ಕೆ.ಜಿ. ಸಿಓಟು ಹೊರಬಂದರೆ ಸುಮಾರು 540 ಲೀಟರ್ ಅನಿಲ. ತೆಳು ತಗಡಿನ ಕೆಲಸಕ್ಕೆ ನಿಮಿಷಕ್ಕೆ 8ರಿಂದ 10 ಲೀಟರ್ ಸಾಕು. ಅಂದರೆ ಒಂದು ಕೆ.ಜಿ.ಗೆ ಹೆಚ್ಚುಕಡಿಮೆ ಒಂದು ಗಂಟೆ. ಒಂದು ಗಂಟೆ ಎಂದರೆ ಟಾರ್ಚಿನ ಸ್ವಿಚ್ ಒತ್ತಿ ಹಿಡಿದ ಹೊತ್ತು ಮಾತ್ರ. ಉಳಿದದ್ದು ಕತ್ತರಿಸುವುದು, ಉಜ್ಜುವುದು, ಚಹಾ ಕುಡಿಯುವುದು. 5 ಕೆ.ಜಿ. ಸಿಲಿಂಡರ್ ಒಂದು ಕಾರಿನ ಫ್ಲೋರಿಗೆ ಧಾರಾಳವಾಯಿತು.

ಲೆಕ್ಕಕ್ಕಿಂತ ಬೇಗ ಖಾಲಿಯಾದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚಿ ನೋಡಿ. ಸಂಜೆ ಕೆಲಸ ಮುಗಿದ ಮೇಲೆ ಸಿಲಿಂಡರಿನ ವಾಲ್ವನ್ನೇ ಮುಚ್ಚಿ. ಗ್ಯಾರೇಜು ಸಣ್ಣದಿದ್ದರೆ ಬಾಗಿಲು ತೆರೆದಿಟ್ಟು ಕೆಲಸ ಮಾಡಿ. ಸಿಓಟು ಮತ್ತು ಆರ್ಗಾನ್ ಎರಡೂ ಗಾಳಿಗಿಂತ ಭಾರ. ಗಾಡಿಯ ಕೆಳಗೆ ಕೆಲಸ ಮಾಡುವ ಗುಂಡಿ ಇದ್ದರೆ ಅದರೊಳಗೆ ಹೋಗಿ ತುಂಬಿಕೊಳ್ಳುತ್ತವೆ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮಂಜು ಕಟ್ಟುವುದು ಸಹಜ. ದ್ರವ ಆವಿಯಾಗುವಾಗ, ಒತ್ತಡ ಇಳಿಯುವಾಗ ತಣ್ಣಗಾಗುತ್ತದೆ. ಬಿಟ್ಟು ಬಿಟ್ಟು ಟ್ಯಾಕ್ ಹಾಕುವ ನಮಗೆ ಅದರಿಂದ ತೊಂದರೆ ಇಲ್ಲ. ದಿನವಿಡೀ ಹೊಡೆಯುವ ಶಾಪಿನವರು ಹೀಟರ್ ಹಾಕಿಕೊಳ್ಳುತ್ತಾರೆ. ಬಿಸಿ ಮಾಡಲು ಬೆಂಕಿ ಹಿಡಿಯುವುದು ಮಾತ್ರ ಬೇಡ.

ಪ್ರಶ್ನೆ: ಗುಜರಿಯಲ್ಲಿ 4.5 ಕೆ.ಜಿ. ಸಿಓಟು ಬೆಂಕಿ ಆರಿಸುವ ಸಿಲಿಂಡರ್ ಅಗ್ಗಕ್ಕೆ ಸಿಗುತ್ತಿದೆ. ಗ್ಯಾಸ್ ಅದೇ ಅಲ್ವಾ, ಮಿಗ್‌ಗೆ ಹಾಕಬಹುದಾ?
– ದಾವಣಗೆರೆಯ ಓದುಗರು

ಉತ್ತರ: ಗ್ಯಾಸ್ ಅದೇ. ಆದರೆ ಬೆಂಕಿ ಆರಿಸುವ ಸಿಲಿಂಡರಿನ ವಾಲ್ವಿನಿಂದ ತಳದವರೆಗೆ ಒಂದು ಪೈಪ್ ಇಳಿದಿರುತ್ತದೆ. ಬೆಂಕಿಯ ಮೇಲೆ ದ್ರವವೇ ರಭಸದಿಂದ ಬಂದು ಬೀಳಲಿ ಎಂದು. ನಮಗೆ ಬೇಕಾದ್ದು ಮೇಲಿನ ಅನಿಲ. ಅದನ್ನು ರೆಗ್ಯುಲೇಟರಿಗೆ ಜೋಡಿಸಿದರೆ ದ್ರವ ಒಳಗೆ ನುಗ್ಗಿ ರೆಗ್ಯುಲೇಟರ್ ಹೆಪ್ಪುಗಟ್ಟಿ ಹಾಳಾಗುತ್ತದೆ. ತಲೆಕೆಳಗೆ ಮಾಡಿ ಇಟ್ಟರೆ ಆಯಿತು ಎನ್ನುವ ಬುದ್ಧಿವಂತರ ಮಾತು ಕೇಳಬೇಡಿ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಗುಜರಿಯ ಸಿಲಿಂಡರಿಗೆ ಕಾಗದ ಇರುವುದಿಲ್ಲ. ಇಂಥ ಸಿಲಿಂಡರುಗಳನ್ನು ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ನೀರಿನ ಒತ್ತಡ ಕೊಟ್ಟು ಪರೀಕ್ಷಿಸಿ, ಮೈಮೇಲೆ ತಾರೀಕು ಒತ್ತಬೇಕು. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪರೀಕ್ಷೆಯ ಅವಧಿ ಮುಗಿದದ್ದನ್ನು ತುಂಬಿಸುವಂತಿಲ್ಲ. ಮರ್ಯಾದಸ್ಥ ಏಜೆನ್ಸಿಯವರು ಮುಟ್ಟುವುದಿಲ್ಲ. ಮುಟ್ಟುವವರ ಹತ್ತಿರ ನೀವು ಹೋಗಬಾರದು. ಸೆಕೆಂಡ್ ಹ್ಯಾಂಡ್ ಸಿಲಿಂಡರೇ ಬೇಕೆಂದರೆ ಮೊದಲು ಆ ತಾರೀಕಿನ ಫೋಟೋ ತೆಗೆದು ತುಂಬಿಸುವವರಿಗೆ ತೋರಿಸಿ. ಅವರು ಹೂಂ ಎಂದ ಮೇಲೆ ದುಡ್ಡು ಕೊಡಿ.

ಪ್ರಶ್ನೆ: ನಮ್ಮದು ಹಳ್ಳಿ. ವೆಲ್ಡಿಂಗ್ ಶುರು ಮಾಡಿದರೆ ಮನೆಯ ದೀಪ ಮಂಕಾಗುತ್ತದೆ, ಮೆಷಿನ್ ಆಗಾಗ ನಿಂತುಹೋಗುತ್ತದೆ. ತ್ರೀ ಫೇಸ್ ಬರುವುದು ಪಂಪ್‌ಸೆಟ್ ಹೊತ್ತಿನಲ್ಲಿ ಮಾತ್ರ.
– ಚಿಂತಾಮಣಿ ತಾಲ್ಲೂಕಿನ ಓದುಗರು

ಉತ್ತರ: ಗಾಡಿ ಕೆಲಸಕ್ಕೆ ತ್ರೀ ಫೇಸ್ ಬೇಡವೇ ಬೇಡ. 60 ಆಂಪಿಯರ್, 17 ವೋಲ್ಟ್ ಎಂದರೆ ಆರ್ಕಿಗೆ ಹೋಗುವುದು ಸುಮಾರು ಒಂದು ಕಿಲೋವ್ಯಾಟ್. ನಷ್ಟ ಸೇರಿಸಿದರೂ ಮನೆಯ 16 ಆಂಪಿಯರ್ ಸಾಕೆಟ್ ಸಾಕು. ಮೆಷಿನ್ ಮೇಲೆ 200 ಎಂದು ಬರೆದಿದೆ ಎಂದು ಅಷ್ಟಕ್ಕೂ ತಿರುಗಿಸಬೇಡಿ.

ಎಕ್ಸ್‌ಟೆನ್ಷನ್ ವೈರ್ ಮೇಲೆ ನನಗೆ ಅನುಮಾನ. ದೀಪಾವಳಿ ಸೀರಿಯಲ್ ಸೆಟ್ಟಿಗೆ ತಂದ ತೆಳು ವೈರ್ ಆಗಿದ್ದರೆ ಅರ್ಧ ತೊಂದರೆ ಅಲ್ಲೇ ಇದೆ. 2.5 ಚದರ ಮಿ.ಮೀ. ತಾಮ್ರದ ವೈರ್, ಆದಷ್ಟು ಗಿಡ್ಡದ್ದು, ಸುರುಳಿ ಪೂರ್ತಿ ಬಿಚ್ಚಿ ಹಾಕಿ. ಅರ್ಥಿಂಗ್ ಇದೆಯಾ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಆದರೂ ನಿಂತರೆ, ಹೊಡೆಯುವಾಗ ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಇರುತ್ತದೆ ಎಂದು ಅಳೆಯಲು ಹೇಳಿ. 180ರ ಆಸುಪಾಸಿಗೆ ಇಳಿಯುತ್ತಿದ್ದರೆ ಲೈನಿನದೇ ತೊಂದರೆ. ಆಗ ಪಂಪುಗಳು ಓಡದ ಹೊತ್ತು ನೋಡಿ ಕೆಲಸ ಮಾಡುವುದೇ ವಾಸಿ.

ಪ್ರಶ್ನೆ: ಬೈಕಿನ ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ. ಖಾಲಿ ಮಾಡಿ, ಒಂದು ವಾರ ಒಣಗಿಸಿದ್ದೇನೆ. ವೆಲ್ಡ್ ಮಾಡಬಹುದಾ? ಎಂಜಿನ್ ಕೇಸಿನಲ್ಲೂ ಬಿರುಕಿದೆ.
– ಮೈಸೂರಿನ ಓದುಗರು

ಉತ್ತರ: ಟ್ಯಾಂಕ್ ಬೇಡ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಸಿಡಿಯುವುದು ಆವಿ. ತುಕ್ಕಿನ ಪದರದೊಳಗೆ ಸೇರಿಕೊಂಡ ಪೆಟ್ರೋಲು ಬಿಸಿ ತಾಗಿದಾಗ ಹೊರಗೆ ಬರುತ್ತದೆ, ಒಂದು ವಾರದ ಬಿಸಿಲು ಅದಕ್ಕೆ ಏನೂ ಅಲ್ಲ. ಹೊಸ ಟ್ಯಾಂಕ್ ಹಾಕಿಸಿ, ಇಲ್ಲವೇ ಒಳಗೆ ಬಳಿಯುವ ಸೀಲರ್ ಹಾಕಿಸಿ. ಎಂಜಿನ್ ಕೇಸು ಅಲ್ಯೂಮಿನಿಯಂ. ಅದಕ್ಕೆ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹೊಡೆಯುವ ಟಿಗ್ ಮೆಷಿನ್, ಅದೂ ಎಸಿ ಕರೆಂಟ್ ಕೊಡುವಂಥದ್ದು, ಮತ್ತು ಶುದ್ಧ ಆರ್ಗಾನ್ ಬೇಕು. ಹವ್ಯಾಸಿಗಳಿಗೆಂದು ಅಗ್ಗಕ್ಕೆ ಮಾರುವ ಟಿಗ್ ಮೆಷಿನ್‌ಗಳು ಹೆಚ್ಚಾಗಿ ಡಿಸಿ ಮಾತ್ರ. ಒಂದು ಬಿರುಕಿಗಾಗಿ ಅದನ್ನೆಲ್ಲ ಕೊಳ್ಳುವುದು ಸುಮ್ನೆ ದುಡ್ಡು ದಂಡ. ಕೇಸು ಬಿಚ್ಚಿ, ತೊಳೆದು, ಟಿಗ್ ಮಾಡುವವರಿಗೆ ಒಯ್ದು ಕೊಡಿ.

ಪ್ರಶ್ನೆ: ಜಿಐ ಶೀಟ್ ವೆಲ್ಡ್ ಮಾಡಿದ ರಾತ್ರಿ ಚಳಿ ಜ್ವರ ಬಂತು. ಮೊದಲೇ ಹಾಲು ಕುಡಿದಿದ್ದರೆ ಬರುತ್ತಿರಲಿಲ್ಲ ಎಂದು ಶಾಪಿನವರು ಹೇಳಿದರು.
– ಹಾಸನದ ಓದುಗರು

ಉತ್ತರ: ಹಾಲು ಹೋಗುವುದು ಹೊಟ್ಟೆಗೆ, ಜಿಐ ಶೀಟಿನ ಸತುವಿನ ಲೇಪ ಉರಿದು ಏಳುವ ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಲ್ಲ ತಿಂದರೂ ಅಷ್ಟೇ. ಈ ಜ್ವರ ಕೆಲವು ಗಂಟೆ ಬಿಟ್ಟು ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಉಸಿರಾಟ ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮುಂದಿನ ಸಲ ಬೆಸುಗೆಯ ಎರಡೂ ಬದಿ ಎರಡು ಬೆರಳಗಲ ಸತುವನ್ನು ಉಜ್ಜಿ ತೆಗೆಯಿರಿ. ಉಜ್ಜುವಾಗಲೂ ಮಾಸ್ಕ್ ಹಾಕಿ. ಗಾಳಿ ನಿಮ್ಮ ಬೆನ್ನಿನಿಂದ ಇಲ್ಲವೇ ಪಕ್ಕದಿಂದ ಮೆಲ್ಲಗೆ ಬರುವಂತೆ ಕೂತುಕೊಳ್ಳಿ, ಹೊಗೆಯ ಮೇಲೆ ಬಗ್ಗಬೇಡಿ.

ಇದರ ಜೊತೆಗೆ ಕೇಳದಿದ್ದರೂ ಹೇಳುತ್ತೇನೆ. ಎಣ್ಣೆ ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಹೊಡೆದು ತಕ್ಷಣ ವೆಲ್ಡ್ ಮಾಡುವ ರೂಢಿ ಕೆಲವರಿಗಿದೆ. ಅದರಲ್ಲಿ ಕ್ಲೋರಿನ್ ಸೇರಿದ ದ್ರಾವಕವಿದ್ದರೆ ಆರ್ಕಿನ ಬಿಸಿ ಮತ್ತು ಬೆಳಕಿಗೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದು. ಡಬ್ಬದ ಮೇಲೆ "ಕ್ಲೋರೋ" ಎಂಬ ಅಕ್ಷರ ಎಲ್ಲಿ ಕಂಡರೂ ಅದನ್ನು ವೆಲ್ಡಿಂಗ್ ಕೆಲಸದ ಹತ್ತಿರ ತರಬೇಡಿ. ಜಿಡ್ಡಿಗೆ ಬಿಸಿ ಸೋಪಿನ ನೀರು ಸಾಕು, ತೊಳೆದ ಮೇಲೆ ಪೂರ್ತಿ ಒಣಗಿಸಿಕೊಳ್ಳಿ.