ಶಿಕ್ಷಕರ ಗುಂಪಿಗೆ ಒಂದು ವಿಷಯ, ಒಂದು ಪ್ರಶ್ನೆ ಸಾಕು

ಸಂಪಾದಕರ ಉತ್ತರ

ಓದುಗರ ಪತ್ರ: “ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಉಪಜಿಲ್ಲೆಯ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ಕನ್ನಡ ವಿಭಾಗಕ್ಕೆ ಗಣಿತ ಕಲಿಸುವವಳು ನಾನೊಬ್ಬಳೇ. ಪಾಠ ಹೇಗಾಯಿತು ಎಂದು ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲ. ಜಿಲ್ಲೆಯ ಕನ್ನಡ ಮಾಧ್ಯಮ ಶಿಕ್ಷಕರಿಗೆಲ್ಲ ಸೇರಿ ಒಂದು ವಾಟ್ಸಪ್ ಗ್ರೂಪ್ ಮಾಡಿದೆವು. ಇನ್ನೂರರ ಹತ್ತಿರ ಜನ ಇದ್ದಾರೆ. ಬರುವುದು ಮಾತ್ರ ಶುಭೋದಯ, ಸುತ್ತೋಲೆ, ನಿವೃತ್ತಿಯ ಹಾರೈಕೆ. ನಿಮ್ಮ ಒಳ್ಳೆಯ ಪಾಠಗಳನ್ನು ಹಂಚಿಕೊಳ್ಳಿ ಎಂದು ಎಷ್ಟು ಕೇಳಿದರೂ ಯಾರೂ ಬರೆಯುವುದಿಲ್ಲ. ಇದನ್ನು ಸರಿಮಾಡುವುದು ಹೇಗೆ? ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಜತ್ತ ಕಡೆಯ ಕನ್ನಡ ಶಾಲೆಯವರನ್ನೂ ಸೇರಿಸಿದರೆ ಪ್ರಯೋಜನ ಆದೀತೇ?”

ಪ್ರಿಯ ಟೀಚರ್,

ಆ ಗ್ರೂಪನ್ನು ಸರಿಮಾಡುವ ಗೋಜಿಗೆ ಹೋಗಬೇಡಿ. ಸುತ್ತೋಲೆ, ಹಾರೈಕೆಗಳಿಗೂ ಒಂದು ಜಾಗ ಬೇಕು, ಅದು ಹಾಗೆಯೇ ಇರಲಿ. ಪಾಠದ ಮಾತಿಗೆ ಬೇರೆಯೇ ಒಂದು ಸಣ್ಣ ಗುಂಪು ಕಟ್ಟಿ. ಹನ್ನೆರಡರಿಂದ ಇಪ್ಪತ್ತು ಜನ, ಒಂದೇ ವಿಷಯ, ಒಂದೇ ಹಂತ. ನಿಮ್ಮ ಮಟ್ಟಿಗೆ ಅದು ಯು.ಪಿ. ಗಣಿತ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಹುಡುಕಿದರೆ ಇಷ್ಟು ಜನ ಖಂಡಿತ ಸಿಗುತ್ತಾರೆ. ಒಂದನೇ ತರಗತಿಗೆ ಅಕ್ಷರ ಕಲಿಸುವವರೂ ಹೈಸ್ಕೂಲಿಗೆ ಭೌತಶಾಸ್ತ್ರ ಕಲಿಸುವವರೂ ಒಂದೇ ಕಡೆ ಕೂತರೆ ಇಬ್ಬರಿಗೂ ಒಗ್ಗುವ ಮಾತು ಶುಭೋದಯ ಒಂದೇ. ಕರ್ನಾಟಕದಲ್ಲಿ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಸರಕಾರಿ ಇಲಾಖೆ ಡಿ.ಎಸ್.ಇ.ಆರ್.ಟಿ.ಯೂ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಸೇರಿ ಹೈಸ್ಕೂಲು ಶಿಕ್ಷಕರ ಜಾಲ ಕಟ್ಟಿದಾಗ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಂದು ವಿಷಯವಾರು ಬೇರೆಬೇರೆ ಮಾಡಿದರು. ಮಾತುಕತೆ ನಡೆಯುವ ಜಾಗ ಒಂದು, ಸಾಮಗ್ರಿ ಉಳಿಯುವ ಜಾಗ ಇನ್ನೊಂದು ಎಂದು ಇಟ್ಟುಕೊಂಡರು. ಈ ಎರಡು ವಿಚಾರಗಳನ್ನು ನೀವೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಇನ್ನು, ಯಾರೂ ಏಕೆ ಬರೆಯುವುದಿಲ್ಲ ಎಂಬುದಕ್ಕೆ ಬರೋಣ. ‘ಒಳ್ಳೆಯ ಪಾಠ ಹಂಚಿಕೊಳ್ಳಿ’ ಎಂಬ ಕರೆಯೇ ಬಾಯಿ ಕಟ್ಟಿಬಿಡುತ್ತದೆ. ನಿಜವಾಗಿ ಚೆನ್ನಾಗಿ ಕಲಿಸುವವರಿಗೆ ತಾವು ಮಾಡಿದ್ದು ಹೇಳಿಕೊಳ್ಳುವಂಥದ್ದು ಎಂದೇ ಅನಿಸುವುದಿಲ್ಲ. ಬರೆಯುವ ಕೆಲವರು ಬಣ್ಣದ ಚಾರ್ಟಿನ ಫೋಟೋ ಹಾಕುತ್ತಾರೆ, ಅದರ ಕೆಳಗೆ ಇಪ್ಪತ್ತು ಹೆಬ್ಬೆರಳು ಬೀಳುತ್ತವೆ. ಆ ಚಾರ್ಟಿನಿಂದ ಮಗು ಏನು ಕಲಿತಿತು ಎಂದು ಯಾರೂ ಕೇಳುವುದಿಲ್ಲ. ನೀವು ಒಳ್ಳೆಯ ಪಾಠ ಕೇಳಬೇಡಿ, ಮಕ್ಕಳು ಮಾಡುವ ಒಂದು ತಪ್ಪನ್ನು ಮುಂದಿಡಿ. “ಆರನೇ ತರಗತಿಯಲ್ಲಿ 1/2 + 1/3 ಎಷ್ಟು ಎಂದರೆ ಬಹಳ ಮಂದಿ 2/5 ಬರೆಯುತ್ತಾರೆ. ನಿಮ್ಮಲ್ಲೂ ಹೀಗೆಯೇ? ನೀವೇನು ಮಾಡುತ್ತೀರಿ?” ಇಂಥ ಪ್ರಶ್ನೆಗೆ ಉತ್ತರಿಸಲು ಯಾರೂ ದೊಡ್ಡವರಾಗಬೇಕಿಲ್ಲ.

ಬರುವ ಉತ್ತರ ಎಷ್ಟು ಸಣ್ಣದಾಗಿ, ಎಷ್ಟು ನಿಖರವಾಗಿ ಇರಬೇಕು ಎಂಬುದಕ್ಕೆ ಮೊದಲ ಟಿಪ್ಪಣಿಯನ್ನು ನೀವೇ ಬರೆದು ತೋರಿಸಬೇಕು. ಮೇಲಿನ ಪ್ರಶ್ನೆಗೇ ಒಂದು ಮಾದರಿ ಕೊಡುತ್ತೇವೆ.

ಇಬ್ಬಿಬ್ಬರು ಮಕ್ಕಳಿಗೆ 30 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಮೂರು ಪಟ್ಟಿ. ಒಂದನ್ನು ಇಡಿಯಾಗಿ ಬಿಡಬೇಕು. ಎರಡನೆಯದರಿಂದ 15 ಸೆಂ.ಮೀ.ನದು ಒಂದು, 10 ಸೆಂ.ಮೀ.ನದು ಒಂದು ತುಂಡು ಕತ್ತರಿಸಿದರೆ 5 ಸೆಂ.ಮೀ. ಉಳಿಯುತ್ತದೆ, ಅದನ್ನು ಎಸೆಯಬಾರದು. ಮೂರನೆಯದರಿಂದ 12 ಸೆಂ.ಮೀ. ಅಂದರೆ 2/5. ಮೊದಲು ನಿಯಮ ಹೇಳದೆ ಅರ್ಧದ ಪಟ್ಟಿಯನ್ನೂ 2/5ರ ಪಟ್ಟಿಯನ್ನೂ ಒಂದರ ಕೆಳಗೊಂದು ಇಡಿಸಬೇಕು. ಅರ್ಧಕ್ಕೆ ಇನ್ನಷ್ಟು ಸೇರಿಸಿದೆವು, ಸಿಕ್ಕಿದ ಉತ್ತರ ಅರ್ಧಕ್ಕಿಂತ ಗಿಡ್ಡವಾಯಿತು! ಇಲ್ಲಿ ಐದು ನಿಮಿಷ ಟೀಚರ್ ಸುಮ್ಮನಿರಬೇಕು, ಮಕ್ಕಳೇ ಜಗಳವಾಡಲಿ. ಆಮೇಲೆ 15ರ ತುಂಡನ್ನೂ 10ರ ತುಂಡನ್ನೂ ಇಡೀ ಪಟ್ಟಿಯ ಮೇಲೆ ಸಾಲಾಗಿ ಜೋಡಿಸಿದರೆ ಕೊನೆಯಲ್ಲಿ ಸ್ವಲ್ಪ ಜಾಗ ಖಾಲಿ. ಎತ್ತಿಟ್ಟ 5 ಸೆಂ.ಮೀ. ತುಂಡು ಅಲ್ಲಿ ಸರಿಯಾಗಿ ಕೂರುತ್ತದೆ. ಅದೇ ತುಂಡು ಅರ್ಧದೊಳಗೆ ಮೂರು ಸಲ, ಮೂರನೇ ಒಂದರೊಳಗೆ ಎರಡು ಸಲ, ಇಡೀ ಪಟ್ಟಿಯಲ್ಲಿ ಆರು ಸಲ ಹಿಡಿಯುತ್ತದೆ. ಮೂರೂ ಎರಡೂ ಐದು, ಆರರಲ್ಲಿ ಐದು. ಸಮಛೇದ ಏಕೆ ಬೇಕು ಎಂಬುದು ಮಗುವಿನ ಕೈಯಲ್ಲೇ ಇದೆ.

ಇಷ್ಟು ಮಾತ್ರ ಬರೆದರೆ ಅದು ಅರ್ಧ ಟಿಪ್ಪಣಿ. ಎಲ್ಲಿ ಕೆಡುತ್ತದೆ ಎಂಬುದೇ ಓದುವ ಶಿಕ್ಷಕರಿಗೆ ಹೆಚ್ಚು ಬೇಕಾದದ್ದು. ಎ4 ಹಾಳೆಯ ಉದ್ದ 29.7 ಸೆಂ.ಮೀ., ಅದರಿಂದ ಕತ್ತರಿಸಿದರೆ ಮೂರು ಮಿಲಿಮೀಟರ್ ಕಡಿಮೆ ಬಿದ್ದು ಕೊನೆಯ ತುಂಡು ಗಿಡ್ಡವಾಗುತ್ತದೆ, ಮೂರು ಸಲ ಇಟ್ಟರೂ ಅರ್ಧ ತುಂಬುವುದಿಲ್ಲ, ‘ಸರಿ ಬರಲಿಲ್ಲ ಟೀಚರ್’ ಎಂಬ ಗಲಾಟೆ ಶುರು. ಚಾರ್ಟ್ ಹಾಳೆಯೇ ಬೇಕು. 22×28 ಇಂಚಿನ ಒಂದು ಹಾಳೆಯಲ್ಲಿ 36 ಪಟ್ಟಿ ಬರುತ್ತದೆ, 24 ಮಕ್ಕಳ ತರಗತಿಗೆ ಲೆಕ್ಕ ಸರಿಹೋಯಿತು. ಮೂರನೇ ಒಂದನ್ನು ಮಡಚಿ ಮಾಡಲು ಹೇಳಿದರೆ ಒಬ್ಬರದು 9, ಒಬ್ಬರದು 11 ಆಗುತ್ತದೆ. ಅಳೆದೇ ಕತ್ತರಿಸಬೇಕು, ಅದೂ ಸ್ಕೇಲಿನ ಅಂಚಿನಿಂದಲ್ಲ, ಸೊನ್ನೆಯ ಗೆರೆಯಿಂದ. ಮಕ್ಕಳ ಕೈಯಲ್ಲಿ ಕತ್ತರಿಸಿದರೆ ಪೀರಿಯಡಿನ ಮೂರನೇ ಒಂದು ಭಾಗ ಅದಕ್ಕೇ ಹೋಗುತ್ತದೆ, ಹಿಂದಿನ ದಿನವೇ ಸಿದ್ಧವಿರಲಿ. ಕೆಲವರು ಉತ್ತರ 25 ಎನ್ನುತ್ತಾರೆ. ‘ಎಷ್ಟರಲ್ಲಿ 25?’ ಎಂದು ಕೇಳಬೇಕು. ಈ ಆಟ 30ಕ್ಕೆ ಮಾತ್ರ ನಡೆಯುತ್ತದೆ ಎಂದು ಮಕ್ಕಳು ತಿಳಿದುಕೊಳ್ಳದಂತೆ ಮರುದಿನ 24 ಸೆಂ.ಮೀ. ಪಟ್ಟಿ ಕೊಡಬೇಕು. ಆಗ 12 ಮತ್ತು 8 ಸೇರಿ 20 ಆಗುತ್ತದೆ, ಅದೂ ಆರರಲ್ಲಿ ಐದೇ.

ಟಿಪ್ಪಣಿಯಲ್ಲಿ ತರಗತಿ, ಮಕ್ಕಳ ಸಂಖ್ಯೆ, ಹಿಡಿದ ಸಮಯ, ಬೇಕಾದ ಸಾಮಾನು, ಮಾಡಿದ ಕ್ರಮ, ಕೆಟ್ಟ ಜಾಗ, ಕೊನೆಯಲ್ಲಿ ಮಗು ಬರೆದ ಒಂದು ಉತ್ತರ ಇದ್ದರೆ ಸಾಕು. ನಮ್ಮ ಊರಿಗೆ ಇನ್ನೊಂದು ಸಾಲು ಕಡ್ಡಾಯ: ಮಕ್ಕಳ ಮನೆಮಾತು. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಎಲ್ಲ ಒಂದೇ ಬೆಂಚಿನಲ್ಲಿ ಕೂತಿರುವ ತರಗತಿ ಇದು. ‘ಪ್ರಶ್ನೆಯನ್ನು ತುಳುವಿನಲ್ಲೂ ಒಮ್ಮೆ ಕೇಳಿದೆ, ಆಗ ಮಾತಾಡಿದರು’ ಎಂಬ ಒಂದು ವಾಕ್ಯ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಇರುವ ಇನ್ನೊಬ್ಬ ಟೀಚರಿಗೆ ತುಂಬ ಬೆಲೆಯುಳ್ಳದ್ದು.

ಗುಂಪು ನಡೆಯುವ ಲಯ ಎರಡು ವಾರದ್ದಿರಲಿ. ಮೊದಲ ಸೋಮವಾರ ಒಂದೇ ಪ್ರಶ್ನೆ. ಆ ವಾರ ಟಿಪ್ಪಣಿಗಳು ಬರಲಿ, ಎರಡು ಮೂರು ಬಂದರೂ ಧಾರಾಳವಾಯಿತು. ಮುಂದಿನ ವಾರ ಉಳಿದವರು ಅದರಲ್ಲಿ ಒಂದನ್ನು ತಮ್ಮ ತರಗತಿಯಲ್ಲಿ ಮಾಡಿ ನೋಡಿ, ಏನಾಯಿತೆಂದು ಅದೇ ಟಿಪ್ಪಣಿಗೆ ಉತ್ತರವಾಗಿ ಬರೆಯಲಿ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಕಲಿಸುವಾಗ ಉಳಿದವರು ಕೂತು ನೋಡುತ್ತಾರೆ, ಆಮೇಲೆ ಚರ್ಚಿಸಿ ತಿದ್ದುತ್ತಾರೆ. ದೂರದೂರ ಇರುವ ನಮಗೆ ಅದಕ್ಕೆ ಅತಿ ಹತ್ತಿರದ ದಾರಿ ಇದೇ. ‘ಸೂಪರ್’ ಎಂಬ ಹತ್ತು ಸಂದೇಶಕ್ಕಿಂತ ‘ಮಾಡಿ ನೋಡಿದೆ, ಇಲ್ಲಿ ಸಿಕ್ಕಿಹಾಕಿಕೊಂಡೆ’ ಎಂಬ ಒಂದು ಸಂದೇಶ ಮೇಲು ಎಂದು ಗುಂಪಿನ ವಿವರಣೆಯಲ್ಲೇ ಬರೆದಿಡಿ. ಎರಡನೇ ಶನಿವಾರ ಸಂಜೆ ಒಂದು ಆನ್‌ಲೈನ್ ಭೇಟಿ ಇಟ್ಟುಕೊಳ್ಳಬಹುದು. ಉಚಿತ ಝೂಮ್ 40 ನಿಮಿಷಕ್ಕೆ ನಿಲ್ಲುತ್ತದೆ, ಅದು ಒಳ್ಳೆಯದೇ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಗೆ ಕರೆಂಟೂ ಇಲ್ಲ, ಬೆಳ್ಳೂರು ಕಡೆಯ ಗುಡ್ಡಗಳಲ್ಲಿ ರೇಂಜೂ ಇಲ್ಲ ಎಂಬ ದಿನಗಳು ಇದ್ದದ್ದೇ. ಆದ್ದರಿಂದ ಬರಹವೇ ಮುಖ್ಯವಾಗಿರಲಿ. ಧ್ವನಿ ಸಂದೇಶ ಬೇಡ, ಆರು ತಿಂಗಳ ಮೇಲೆ ಹುಡುಕಿದರೆ ಅದರೊಳಗಿನ ಮಾತು ಸಿಗುವುದಿಲ್ಲ.

ವಾಟ್ಸಪ್ ಮಾತಾಡಲು ಚೆನ್ನ, ಕೂಡಿಡಲು ಅಲ್ಲ. ಬ್ಯಾಕಪ್ ಇಲ್ಲದೆ ಫೋನ್ ಬದಲಾದರೆ ಹಳೆಯದು ಹೋಯಿತು, ಹೊಸದಾಗಿ ಸೇರಿದವರಿಗೆ ಹಿಂದಿನದೆಲ್ಲ ಕಾಣುವುದಿಲ್ಲ. ಎರಡು ವಾರ ಮುಗಿದ ಕೂಡಲೇ ಒಬ್ಬರು ಆ ಟಿಪ್ಪಣಿಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಸೇರಿಸಿ ಒಂದೇ ಪುಟ ಮಾಡಿ ಗೂಗಲ್ ಡ್ರೈವಿನಲ್ಲಿ ಇಡಬೇಕು. ಉಚಿತವಾಗಿ ಸಿಗುವ 15 ಜಿ.ಬಿ. ವರ್ಷಗಟ್ಟಲೆ ಸಾಕಾಗುತ್ತದೆ. ಖಾತೆ ಯಾರೊಬ್ಬರ ಸ್ವಂತದ್ದೂ ಆಗಿರಬಾರದು. ಅವರು ವರ್ಗವಾಗಿ ಹೋದರೆ, ಖಾತೆಯನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಗೂಗಲ್ ಅದನ್ನು ಅಳಿಸಿಹಾಕಬಹುದು. ಗುಂಪಿನ ಹೆಸರಿನದೇ ಖಾತೆ ಇರಲಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಕಡತಕ್ಕೆ ಅಧ್ಯಾಯದ ಸಂಖ್ಯೆಯ ಹೆಸರಿಡಬೇಡಿ. ಕೇರಳದ ಪುಸ್ತಕಗಳು 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತಕ್ಕೂ 2025ರಲ್ಲಿ ಹತ್ತರವರೆಗಿನ ಉಳಿದ ತರಗತಿಗಳಿಗೂ ಬದಲಾದವು. ‘ಅಧ್ಯಾಯ 4’ ಎಂದು ಹೆಸರಿಟ್ಟ ಹಳೆಯ ಕಡತ ಈಗ ಯಾರ ಕೈಗೂ ಸಿಗುವುದಿಲ್ಲ. ‘ಭಿನ್ನರಾಶಿ ಕೂಡಿಸುವುದು, ಛೇದ ಬೇರೆ’ ಎಂದು ವಿಚಾರದ ಹೆಸರಿಡಿ. ಭಿನ್ನಸಂಖ್ಯೆ ಎನ್ನುವವರೂ ಇರುವುದರಿಂದ ಆ ಶಬ್ದವನ್ನೂ ಸೇರಿಸಿದರೆ ಹುಡುಕುವಾಗ ಎರಡಕ್ಕೂ ಸಿಗುತ್ತದೆ.

ಅಕ್ಷರದ ತೊಂದರೆ ಒಂದಿದೆ, ಇದನ್ನು ಮೊದಲ ದಿನವೇ ಬಗೆಹರಿಸಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ್ದು, ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ ಶಾಲೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅಲ್ಲಿ ಓಡುವುದು ಗ್ನೂ/ಲಿನಕ್ಸ್, ಆ ಫಾಂಟುಗಳು ಅದರಲ್ಲಿಲ್ಲ. ಇದ್ದರೂ ಆಸ್ಕಿಯಲ್ಲಿ ಕನ್ನಡ ಪದ ಹುಡುಕಲು ಆಗುವುದಿಲ್ಲ. ಎಲ್ಲರೂ ಎಲ್ಲ ಕಂಪ್ಯೂಟರುಗಳಲ್ಲೂ ಓದಬರುವ ಯುನಿಕೋಡ್‌ನಲ್ಲೇ ಬರೆಯಲಿ. ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನಲ್ಲಿ ಕೆ.ಜಿ.ಪಿ. ಕೀಲಿಮಣೆ ಸಿಗುತ್ತದೆ, ನುಡಿ ಅಭ್ಯಾಸವಿದ್ದ ಕೈಗೆ ಅದು ಹೊಸದಲ್ಲ. ಫೋನಿನಲ್ಲಿ ಟೈಪಿಸಿದ್ದು ಹೇಗೂ ಯುನಿಕೋಡೇ. ಹಂಚುವಾಗ ಪಿ.ಡಿ.ಎಫ್. ಮಾಡಿ, ತಿದ್ದಲು ಬರುವ ಮೂಲ ಕಡತ ಡ್ರೈವಿನಲ್ಲಿರಲಿ.

ಮಕ್ಕಳ ಫೋಟೋ ಹಾಕಬೇಡಿ. ಇದರಲ್ಲಿ ರಿಯಾಯಿತಿ ಬೇಡವೆಂದೇ ನಮ್ಮ ಅಭಿಪ್ರಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ವಿವರ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಕೇಳುತ್ತದೆ. ಕಾಯಿದೆ ಹಾಗಿರಲಿ, ತಪ್ಪು ಉತ್ತರ ಬರೆದ ಮಗುವಿನ ಮುಖ ಊರಿಡೀ ಓಡಾಡುವುದು ನ್ಯಾಯವಲ್ಲ. ನಿಮಗೆ ಬೇಕಾದದ್ದು ನೋಟ್‌ಬುಕ್ಕಿನ ಪುಟ. ಹೆಸರು, ಕ್ರಮಸಂಖ್ಯೆಯ ಮೇಲೆ ಒಂದು ಕಾಗದ ಇಟ್ಟು, ಕಿಟಕಿಯ ಹತ್ತಿರ, ಫ್ಲಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಸಾಮಾನ್ಯ ಚಿತ್ರವಾಗಿ ಕಳಿಸಿದರೆ ವಾಟ್ಸಪ್ ಅದನ್ನು ಕುಗ್ಗಿಸುವುದರಿಂದ ಪೆನ್ಸಿಲಿನ ತೆಳು ಗೆರೆ, ಅಳಿಸಿ ಬರೆದ ಗುರುತು ಮಾಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮಗು ಏನನ್ನು ಅಳಿಸಿತು ಎಂಬುದೇ ಎಷ್ಟೋ ಸಲ ಉತ್ತರಕ್ಕಿಂತ ಹೆಚ್ಚು ಹೇಳುತ್ತದೆ.

ಅಧಿಕಾರಿಗಳನ್ನು ಸೇರಿಸಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಬೇಡ. ಎ.ಇ.ಒ. (ಉಪಜಿಲ್ಲಾ ಶಿಕ್ಷಣಾಧಿಕಾರಿ) ಆಗಲಿ, ಹೆಡ್‌ಮಾಷ್ಟ್ರಾಗಲಿ ಎಷ್ಟೇ ಒಳ್ಳೆಯವರಾಗಿರಲಿ, ಅವರ ಕಣ್ಣೆದುರು ‘ನನ್ನ ಪಾಠ ಕೆಟ್ಟಿತು’ ಎಂದು ಬರೆಯುವ ಶಿಕ್ಷಕರು ಅಪರೂಪ. ಅದು ಬರದಿದ್ದರೆ ಈ ಗುಂಪಿನಲ್ಲಿ ಇನ್ನೇನು ಬಂದರೂ ವ್ಯರ್ಥ. ತಿದ್ದಿ ಗಟ್ಟಿಯಾದ ಟಿಪ್ಪಣಿಗಳನ್ನು ಕ್ಲಸ್ಟರ್ ಸಭೆಗೋ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಮಾಯಿಪ್ಪಾಡಿ ಡಯಟ್‌ಗೋ ಒಯ್ಯಿರಿ, ಅಲ್ಲಿ ಅವರೆಲ್ಲ ನೋಡಲಿ.

ತಾಳವಾಡಿ, ಜತ್ತದವರ ಮಾತು. ಖಂಡಿತ ಸೇರಿಸಿ, ಆದರೆ ಮೊದಲ ವರ್ಷ ಬೇಡ. ಅಲ್ಲಿನ ಕನ್ನಡ ಪುಸ್ತಕ ಬೇರೆ. ಜತ್ತದವರದ್ದು ಮಹಾರಾಷ್ಟ್ರದ ಬಾಲಭಾರತಿ ಅಚ್ಚು ಹಾಕಿದ್ದು, ತಾಳವಾಡಿಯವರದ್ದು ತಮಿಳುನಾಡಿನದು. ನಿಮ್ಮ ಓಣಂ ಪರೀಕ್ಷೆಗೆ ಮೊದಲು ಬರುವ ಪಾಠ ಅವರಿಗೆ ಡಿಸೆಂಬರಿನಲ್ಲಿ ಬರಬಹುದು, ಆಗ ‘ಮುಂದಿನ ವಾರ ಮಾಡಿ ನೋಡಿ’ ಎಂಬ ಲಯ ಕೂಡಿಬರುವುದಿಲ್ಲ. ನಿಮ್ಮ ಗುಂಪು ಒಂದು ವರ್ಷ ನಡೆದು ಹದಿನೈದಿಪ್ಪತ್ತು ಪುಟ ಕೂಡಿದ ಮೇಲೆ ಆ ಡ್ರೈವನ್ನು ಅವರಿಗೆ ತೆರೆದುಕೊಡಿ. ವಿಚಾರದ ಹೆಸರಿಟ್ಟ ಪುಟ ಯಾವ ರಾಜ್ಯದ ಪುಸ್ತಕಕ್ಕೂ ಹೊಂದುತ್ತದೆ. ಪ್ರತಿ ಪುಟದ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಸಿ.ಸಿ. ಬೈ-ಎಸ್.ಎ. 4.0 ಎಂದು ಬರೆದರೆ, ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವಾಗ ಅದೇ ಷರತ್ತಿನಲ್ಲಿ ಹಂಚಬೇಕು. ಪಠ್ಯಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಅದಕ್ಕೆ ಈ ಪರವಾನಗಿ ಹಾಕಲು ನಮಗೆ ಹಕ್ಕಿಲ್ಲ, ಅದು ನೆನಪಿರಲಿ.

ಮೊದಲ ಪ್ರಶ್ನೆ ಯಾವುದಿರಲಿ ಎಂದು ಯೋಚಿಸುತ್ತಿದ್ದರೆ, ಕಳೆದ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತೆಗೆದು ಅತಿ ಹೆಚ್ಚು ಮಕ್ಕಳು ಒಂದೇ ರೀತಿ ತಪ್ಪಿದ ಲೆಕ್ಕ ಯಾವುದೆಂದು ನೋಡಿ. ಬೇರೆಬೇರೆ ರೀತಿ ತಪ್ಪಿದ್ದು ಬೇಡ, ಒಂದೇ ರೀತಿ ತಪ್ಪಿದ್ದು. ಆ ಲೆಕ್ಕವನ್ನೂ ಮಕ್ಕಳ ಉತ್ತರವನ್ನೂ ಹಾಗೆಯೇ ಬರೆದು ಸೋಮವಾರ ಬೆಳಗ್ಗೆಗಿಂತ ಭಾನುವಾರ ಸಂಜೆಯೇ ಹಾಕಿ, ಬೆಳಗ್ಗೆ ಬಸ್ಸಿನಲ್ಲಿ ಕೂತು ಓದಲು ಸಿಗುತ್ತದೆ.

— ಸಂ.