ಗಾಡಿ ಮಾತು: ಟಯರ್ ಲೈಟ್ ಮಿನುಗಿದರೆ ನಾಲ್ಕೂ ಸೆನ್ಸರ್ ಬದಲಿಸಬೇಕಾ?

ಪ್ರಶ್ನೆ: ನಮ್ಮೂರು ಕುಂದಾಪುರದ ಕಡೆ. ಪುಣೆಯ ಚಿಂಚವಾಡದಲ್ಲಿ ಕ್ಯಾಟರಿಂಗ್ ಮಾಡುತ್ತೇನೆ. ಏಳು ವರ್ಷದ ಡಬಲ್ ಕ್ಯಾಬ್ ಪಿಕಪ್ ಇದೆ, ವಾರಕ್ಕೆರಡು ಸಲ ವಾಶಿ ಮಾರ್ಕೆಟ್ಟಿಗೆ ಹೋಗಿ ಸಾಮಾನು ತರುತ್ತೇವೆ. ಹೋದ ತಿಂಗಳು ನಾಲ್ಕೂ ಟಯರ್ ಹೊಸದು ಹಾಕಿಸಿದೆ. ಮಾರನೇ ದಿನದಿಂದ ಗಾಡಿ ಸ್ಟಾರ್ಟ್ ಮಾಡಿದಾಗೆಲ್ಲ ಟಯರ್ ಗಾಳಿಯ ಲೈಟ್ ಒಂದು ನಿಮಿಷ ಮಿನುಗಿ, ಆಮೇಲೆ ಉರಿದೇ ಇರುತ್ತದೆ. ಗಾಳಿ ಸರಿಯಾಗಿದೆ. ನಾಲ್ಕೂ ಸೆನ್ಸರ್ ಹೋಗಿವೆ, ಬದಲಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಲೈಟ್ ಮೇಲೆ ಟೇಪ್ ಅಂಟಿಸೋಣ ಅಂತ ಡ್ರೈವರ್ ಹೇಳುತ್ತಾನೆ. ಏನು ಮಾಡಲಿ?

ಉತ್ತರ: ಟೇಪ್ ಮಾತ್ರ ಅಂಟಿಸಬೇಡಿ. ತುಂಬಿದ ಗಾಡಿ ಖಂಡಾಲಾ ಘಾಟಿ ಹತ್ತಿ ಇಳಿಯುತ್ತದೆ, ಬೇಸಿಗೆಯಲ್ಲಿ ಎಕ್ಸ್‌ಪ್ರೆಸ್‌ವೇ ಕಾಂಕ್ರೀಟ್ ಕಾದ ಕಾವಲಿಯ ಹಾಗಿರುತ್ತದೆ. ಗಾಳಿ ಕಡಿಮೆಯಾದ ಟಯರಿನ ಪಕ್ಕದ ಗೋಡೆ ಮಡಚಿ ಮಡಚಿ ಒಳಗಿಂದಲೇ ಬಿಸಿಯಾಗುತ್ತದೆ. ಟಯರ್ ಸಿಡಿಯುವುದು ಬಹಳ ಸಲ ಹೀಗೇ. ಆ ಲೈಟ್ ನಿಮ್ಮ ಡ್ರೈವರ್ ಜೀವ ಕಾಯುವ ವಸ್ತು.

ಲೈಟ್ ಹೇಗೆ ಉರಿಯುತ್ತದೆ ಅನ್ನುವುದನ್ನು ನೀವು ಗಮನಿಸಿ ಬರೆದಿದ್ದೀರಿ, ಅದರಿಂದ ಅರ್ಧ ಕೆಲಸ ಆಯಿತು. ಮಿನುಗದೆ ನೇರವಾಗಿ ಉರಿದರೆ ಯಾವುದೋ ಟಯರಿನಲ್ಲಿ ಗಾಳಿ ಕಡಿಮೆ ಅಂತ. ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ಉರಿದರೆ ತೊಂದರೆ ಇರುವುದು ಗಾಳಿ ನೋಡುವ ವ್ಯವಸ್ಥೆಯಲ್ಲೇ. ನಿಮ್ಮದು ಎರಡನೆಯದು. ಆದರೂ ಗಾಳಿಯನ್ನು ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ನಿಮ್ಮದೇ ಗೇಜಿನಲ್ಲಿ, ಒಮ್ಮೆ ನೋಡಿ. ಪೆಟ್ರೋಲ್ ಬಂಕಿನ ಗೇಜನ್ನು ಅಷ್ಟಾಗಿ ನಂಬಬೇಡಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಕಂಬದ ಸ್ಟಿಕರ್ ಹೇಳುತ್ತದೆ. ಪಿಕಪ್‌ಗಳಲ್ಲಿ ಖಾಲಿ ಗಾಡಿಗೆ ಮತ್ತು ಲೋಡ್ ಗಾಡಿಗೆ ಹಿಂದಿನ ಟಯರಿನ ಲೆಕ್ಕ ಬೇರೆ ಬೇರೆ ಇರುವುದು ಸಾಮಾನ್ಯ.

ಈಗ ಸೆನ್ಸರ್ ವಿಷಯ. ಟಯರಿನ ಗಾಳಿ ಅಳೆದು ರೇಡಿಯೋ ಸಿಗ್ನಲ್‌ನಲ್ಲಿ ಗಾಡಿಯ ಕಂಪ್ಯೂಟರಿಗೆ ತಿಳಿಸುವ ಪುಟ್ಟ ಸಾಧನ ಇದು, ಚಕ್ರದ ಒಳಗೆ, ವಾಲ್ವ್‌ನ ಬುಡಕ್ಕೇ ಕೂತಿರುತ್ತದೆ. ಟಯರ್ ಹಾಕಿದ ಮೇಲೆ ಹೊರಗಿಂದ ಕಾಣುವುದಿಲ್ಲ. ಒಳಗಿನ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಬದಲಿಸಲು ಆಗುವುದಿಲ್ಲ, 5ರಿಂದ 10 ವರ್ಷ ಬರುತ್ತದೆ. ಏಳು ವರ್ಷದ ಗಾಡಿಯಲ್ಲಿ ಬ್ಯಾಟರಿ ಮುಗಿಯುವುದು ಹೊಸದೇನಲ್ಲ, ಆ ಮಟ್ಟಿಗೆ ಅಂಗಡಿಯವರ ಮಾತಿನಲ್ಲಿ ಹುರುಳಿದೆ. ಆದರೆ ನಾಲ್ಕೂ ಸರಿಯಾಗಿ ಟಯರ್ ಬದಲಿಸಿದ ದಿನವೇ ಸಾಯುತ್ತವಾ? ನನಗೆ ಹಾಗನ್ನಿಸುವುದಿಲ್ಲ. ಟಯರ್ ಬಿಚ್ಚುವ ಮೆಷಿನ್ನಿನ ಅಲಗು ವಾಲ್ವ್ ಹತ್ತಿರ ಬಿದ್ದು ಒಂದು ಸೆನ್ಸರ್ ಒಡೆದಿರಬಹುದು. ಇಲ್ಲ, ಒಂದರ ಜಾಗದಲ್ಲಿ ಮಾಮೂಲಿ ರಬ್ಬರ್ ವಾಲ್ವ್ ಹಾಕಿ ಸುಮ್ನಾಗಿರಬಹುದು. ನಾಲ್ಕೂ ವಾಲ್ವ್ ಒಂದೇ ತರಹ ಇವೆಯಾ ಅಂತ ಬಗ್ಗಿ ನೋಡಿ, ಖರ್ಚಿಲ್ಲದ ಪರೀಕ್ಷೆ ಅದು. ಸ್ಟೆಪ್ನಿ ಬಗ್ಗೆಯೂ ಕೇಳಿ. ಹಳೇ ನಾಲ್ಕರಲ್ಲಿ ಒಂದು ಚಕ್ರ ಈಗ ಗಾಡಿ ಕೆಳಗೆ ಸ್ಟೆಪ್ನಿಯಾಗಿ ನೇತಾಡುತ್ತಾ, ಸೆನ್ಸರ್ ಇಲ್ಲದ ಸ್ಟೆಪ್ನಿ ಮೇಲೆ ಬಂದಿದ್ದರೆ ಹೀಗೇ ಆಗುತ್ತದೆ.

ಇದಾದ ಮೇಲೆ, ಸೆನ್ಸರ್ ಓದುವ ಕೈ ಸ್ಕ್ಯಾನರ್ ಇರುವ ವರ್ಕ್‌ಶಾಪಿಗೆ ಹೋಗಿ. ಪುಣೆಯಲ್ಲಿ ಹುಡುಕಿದರೆ ಸಿಗುತ್ತದೆ. ಅದನ್ನು ಒಂದೊಂದೇ ವಾಲ್ವ್ ಹತ್ತಿರ ಹಿಡಿದರೆ ಸೆನ್ಸರಿನ ನಂಬರು, ಗಾಳಿ, ಬಿಸಿ, ಕೆಲವದರಲ್ಲಿ ಬ್ಯಾಟರಿ ಸ್ಥಿತಿ ಕೂಡ ತೋರಿಸುತ್ತದೆ. ಎದುರಿಗೇ ನಿಂತು ಚೀಟಿಯಲ್ಲಿ ಬರೆದುಕೊಳ್ಳಿ. ಮೂರು ಮಾತಾಡಿ ಒಂದು ಸುಮ್ಮನಿದ್ದರೆ ಆ ಒಂದಕ್ಕೆ ಮಾತ್ರ ದುಡ್ಡು ಕೊಡಿ. ನಾಲ್ಕೂ ಉತ್ತರ ಕೊಟ್ಟರೆ ಸೆನ್ಸರ್ ಚೆನ್ನಾಗಿವೆ, ಗಾಡಿಯ ಕಂಪ್ಯೂಟರಿನಲ್ಲಿರುವ ನಂಬರುಗಳಿಗೂ ಇವಕ್ಕೂ ತಾಳೆಯಾಗುತ್ತಿಲ್ಲ ಅಷ್ಟೇ. ಹೊಸದಾಗಿ ಕಲಿಸಬೇಕು, ರೀಲರ್ನ್ ಅನ್ನುತ್ತಾರಲ್ಲ, ಅದು. ಬ್ಯಾಟರಿ ಕಡಿಮೆ ಅಂತ ನಾಲ್ಕರಲ್ಲೂ ಬಂದರೆ ಆಗ ಬೇಕಾದರೆ ನಾಲ್ಕನ್ನೂ ಬದಲಿಸಿ, ಯಾಕೆಂದರೆ ಒಂದೇ ವಯಸ್ಸಿನವು, ಒಂದು ಹೋದ ಮೇಲೆ ಉಳಿದವೂ ಹಿಂದೆಯೇ ಹೋಗುತ್ತವೆ, ಪ್ರತಿ ಸಲ ಟಯರ್ ಬಿಚ್ಚಿಸುವ ಖರ್ಚು ಬೇರೆ.

ಕಲಿಸಿದ ಮೇಲೆ ಗಾಡಿ ಓಡಿಸಬೇಕು. ನಿಂತ ಗಾಡಿಯಲ್ಲಿ ಸೆನ್ಸರ್ ನಿದ್ದೆ ಮಾಡುತ್ತದೆ, ಚಕ್ರ ತಿರುಗಿ ಗಂಟೆಗೆ ಸುಮಾರು 25-30 ಕಿ.ಮೀ. ವೇಗ ಬಂದ ಮೇಲೆ ಎಚ್ಚರವಾಗುತ್ತದೆ. ಸಂಜೆ ಹಿಂಜವಡಿ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ತೆವಳಿದರೂ ಪ್ರಯೋಜನವಿಲ್ಲ. ಬೆಳಗಿನ ಜಾವ ಎಕ್ಸ್‌ಪ್ರೆಸ್‌ವೇ ಕಡೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿ. ಸೆನ್ಸರ್ ಸರಿಯಿದ್ದೂ ಲೈಟ್ ಬಿಡದಿದ್ದರೆ ಡ್ಯಾಶ್‌ಕ್ಯಾಮ್, ಅಗ್ಗದ ಮೊಬೈಲ್ ಚಾರ್ಜರ್ ಎಲ್ಲ ಕಿತ್ತು ನೋಡಿ. ಇವು ರೇಡಿಯೋ ಸಿಗ್ನಲ್ ಕೆಡಿಸುವುದುಂಟು. ಆನ್‌ಲೈನಿನಲ್ಲಿ ಸೆನ್ಸರ್ ತರಿಸುವುದಾದರೆ ನಿಮ್ಮ ಗಾಡಿಯದು ಯಾವ ಫ್ರೀಕ್ವೆನ್ಸಿ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅಮೆರಿಕದ ಗಾಡಿಗಳದು ಜಾಸ್ತಿ 315 ಮೆಗಾಹರ್ಟ್ಸ್, ನಮ್ಮಲ್ಲಿ ಸಾಮಾನ್ಯವಾಗಿ 433. ತಪ್ಪು ತರಿಸಿದರೆ ಎಷ್ಟು ಕಲಿಸಿದರೂ ಕಲಿಯುವುದಿಲ್ಲ.

ಇನ್ನೊಂದು ಮಾತು, ಮುಂದೆ ಉಪಯೋಗಕ್ಕೆ ಬರುತ್ತದೆ. ಡಿಸೆಂಬರಿನಲ್ಲಿ ಪುಣೆಯ ಬೆಳಿಗ್ಗೆ 12 ಡಿಗ್ರಿ, ಮಧ್ಯಾಹ್ನ 30 ಇರುತ್ತದೆ ಅಲ್ವಾ? ಐದೂವರೆ ಡಿಗ್ರಿ ತಣ್ಣಗಾದರೆ ಟಯರಿನ ಒತ್ತಡ ಹೆಚ್ಚುಕಡಿಮೆ ಒಂದು ಪಿಎಸ್‌ಐ (ಗೇಜಿನ ಅಳತೆ) ಇಳಿಯುವ ಲೆಕ್ಕ. ಮಧ್ಯಾಹ್ನ 35 ತುಂಬಿಸಿದ್ದು ಬೆಳಿಗ್ಗೆ 32 ತೋರಿಸುತ್ತದೆ. ಸಮುದ್ರಮಟ್ಟದ ವಾಶಿಗೆ ಇಳಿದಾಗ ಗೇಜಿನಲ್ಲಿ ಇನ್ನೂ ಒಂದು ಕಡಿಮೆ ಕಾಣಬಹುದು. ಅಷ್ಟಕ್ಕೆ ಟಯರ್ ಲೀಕ್ ಅಂದುಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಮಡಗಾಂವ್, ಬೆಳಗಾವಿಯಿಂದ ಚೋರ್ಲಾ ಘಾಟಿ ಮೇಲೆ ತರಕಾರಿ ತರುವ ಪಿಕಪ್. ಸೆನ್ಸರ್ ಇರುವ ಒಂದು ವಾಲ್ವ್‌ನ ಮುಚ್ಚಳ ತಿರುಗುತ್ತಲೇ ಇಲ್ಲ. ಗಾಳಿ ತುಂಬಿಸುವುದು ಹೇಗೆ?

ಉತ್ತರ: ಸಮುದ್ರದ ಉಪ್ಪು ಗಾಳಿಯ ಕೆಲಸ ಇದು, ಗೋವಾ ಓದುಗರೆಲ್ಲ ಇದನ್ನು ತಿಳಿದಿರಲಿ. ಇಂಥ ವಾಲ್ವ್‌ನ ಕಡ್ಡಿ ಅಲ್ಯೂಮಿನಿಯಂ. ಅದಕ್ಕೆ ಹಿತ್ತಾಳೆಯ ಪಿನ್ನು (ಕಡ್ಡಿಯೊಳಗೆ ಗಾಳಿ ತಡೆಯುವ ತುಂಡು) ಅಥವಾ ಬೇರೆ ಲೋಹದ ಚೆಂದದ ಮುಚ್ಚಳ ಹಾಕಿದರೆ, ಉಪ್ಪು ನೀರು ಸೇರಿ ಎರಡು ಲೋಹ ಒಂದನ್ನೊಂದು ತಿಂದು ಕಚ್ಚಿಕೊಂಡುಬಿಡುತ್ತವೆ. ಇಕ್ಕಳ ಹಾಕಿ ಜೋರಾಗಿ ತಿರುವಬೇಡಿ, ಕಡ್ಡಿಯೇ ಮುರಿದು ಇದ್ದ ಗಾಳಿಯೂ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಕೈಯಲ್ಲಿ ಕಡ್ಡಿ ಬಿಗಿಹಿಡಿದು, ಇನ್ನೊಂದರಲ್ಲಿ ಮುಚ್ಚಳವನ್ನು ಹಿಂದೆ ಮುಂದೆ ನಿಧಾನ ಆಡಿಸಿ. ಇದನ್ನು ಪಂಕ್ಚರ್ ಅಂಗಡಿಯ ಮುಂದೆಯೇ ಮಾಡಿ, ಅಕಸ್ಮಾತ್ ಮುರಿದರೆ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ಕಡ್ಡಿ ಬೇರೆ, ಸೆನ್ಸರ್ ಬೇರೆ ಇರುವ ಮಾದರಿಯಾದರೆ ಕಡ್ಡಿ ಮಾತ್ರ ಬದಲಿಸಿದರೆ ಸಾಕು. ಮುಂದೆ ನಿಕಲ್ ಲೇಪದ ಪಿನ್ನು, ಪ್ಲಾಸ್ಟಿಕ್ ಮುಚ್ಚಳ ಹಾಕಿಸಿ. ಪ್ರತಿ ಸಲ ಟಯರ್ ಬದಲಿಸುವಾಗ ವಾಲ್ವ್‌ನ ರಬ್ಬರ್, ನಟ್, ಪಿನ್ನು ಹೊಸದಾಗಲಿ.

ಪ್ರಶ್ನೆ: ಮುಂಬೈ ಮುಲುಂಡ್‌ನಿಂದ. ನನ್ನ ಹಳೇ ಪಿಕಪ್‌ನಲ್ಲಿ ಈ ಸೌಲಭ್ಯ ಇಲ್ಲ. ವಾಲ್ವ್ ಮುಚ್ಚಳದಂತೆ ತಿರುಗಿಸಿ ಹಾಕುವ ಸೆನ್ಸರ್ ಬರುತ್ತವಲ್ಲ, ಹಾಕಿಸಬಹುದಾ?

ಉತ್ತರ: ಹಾಕಿಸಿ, ಏನೂ ಇಲ್ಲದ್ದಕ್ಕಿಂತ ಎಷ್ಟೋ ಒಳ್ಳೆಯದು. ಆದರೆ ರಬ್ಬರ್ ವಾಲ್ವ್ ಮೇಲೆ ಹಾಕಬೇಡಿ. ಆ ಭಾರಕ್ಕೆ ವಾಲ್ವ್ ಓಲಾಡಿ ಬುಡದಲ್ಲಿ ಬಿರುಕು ಬಿಡುತ್ತದೆ, ಗಾಳಿ ಕಾಯಬೇಕಾದ್ದೇ ಗಾಳಿ ಕಳೆಯುತ್ತದೆ. ಲೋಹದ ವಾಲ್ವ್ ಹಾಕಿಸಿ, ಚಕ್ರ ಮತ್ತೆ ಬ್ಯಾಲೆನ್ಸ್ ಮಾಡಿಸಿ. ಸೆನ್ಸರ್ ಬಿಗಿದ ಮೇಲೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದಾ ನೋಡಿ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಎಚ್ಚರಿಕೆಯ ಮಟ್ಟ ಬೇರೆ ಬೇರೆ ಇಡಬೇಕು, ಲೋಡ್ ಗಾಡಿಗೆ ಅದು ಮುಖ್ಯ. ಹಿಂದಿನ ಚಕ್ರದ ಸಿಗ್ನಲ್ ಆಗಾಗ ಸಿಗದಿದ್ದರೆ ಡಿಸ್‌ಪ್ಲೇ ಇಟ್ಟ ಜಾಗ ಬದಲಿಸಿ ನೋಡಿ, ನಡುವೆ ತಗಡಿನ ಬಾಡಿ ಅಡ್ಡ ಬರುತ್ತದೆ. ಇವುಗಳ ಬಟನ್ ಸೆಲ್ ಅನ್ನು ಹೆಚ್ಚಿನ ಮಾದರಿಗಳಲ್ಲಿ ನೀವೇ ಬದಲಿಸಬಹುದು, ಒಂದೆರಡು ಗಾಡಿಯಲ್ಲೇ ಇಟ್ಟುಕೊಂಡಿರಿ.