ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ನನಗೆ 46, ತೊಂದರೆ ಏನೂ ಇಲ್ಲ. ಕಾಸರಗೋಡಿನಲ್ಲಿದ್ದೇನೆ. ಪಿಎಸ್‌ಎ ಟೆಸ್ಟ್ ಈಗಲೇ ಬೇಕಾ?

ನನ್ನ ಪ್ರಕಾರ ಮಾಡಿಸಿ. ಈ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ಸುಳಿವೇ ಕೊಡುವುದಿಲ್ಲ. ಉಳಿದವರು 50ಕ್ಕೆ ಡಾಕ್ಟರ ಹತ್ತಿರ ಮಾತಾಡಿದರೆ ಸಾಕು; ಅಪ್ಪನಿಗೋ ಅಣ್ಣತಮ್ಮನಿಗೋ ಬಂದಿದ್ದರೆ 45ರ ಸುಮಾರಿಗೇ ಕೇಳಬೇಕು.

ಪಿಎಸ್‌ಎ ಬರೀ ರಕ್ತ ಪರೀಕ್ಷೆ; ಗಂಡಸರ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡುತ್ತಾರೆ. ಪೇಟೆಯ ಲ್ಯಾಬಿನಲ್ಲೇ ಆಗುತ್ತದೆ, ಇದಕ್ಕೆಂದೇ ಮಂಗಳೂರು ರೈಲು ಹತ್ತಬೇಕಿಲ್ಲ. ಅದರ ಅಳತೆ 4 (ng/mL) ದಾಟಿದ ಕೂಡಲೇ ಕ್ಯಾನ್ಸರ್ ಅಂತ ಗಾಬರಿಯಾಗಬೇಡಿ. ಪ್ರಾಸ್ಟೇಟ್ ದೊಡ್ಡದಾಗಿದ್ದರೂ, ಮೂತ್ರದ ಸೋಂಕಿದ್ದರೂ ಏರುತ್ತದೆ. ಪ್ರಾಸ್ಟೇಟ್ ದೊಡ್ಡದಾದಾಗ ಕೊಡುವ ಫಿನಾಸ್ಟರೈಡ್ ಮಾತ್ರೆ ತಿಂಗಳುಗಟ್ಟಲೆ ನುಂಗುವವರಲ್ಲಿ ಸುಮಾರು ಅರ್ಧಕ್ಕೆ ಇಳಿದು ಕಾಣುತ್ತದೆ. ಕೂದಲು ಉದುರದಿರಲಿ ಅಂತ ಅದನ್ನು ತಗೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿಬಿಡಿ!

ಜಾಸ್ತಿ ಬಂದರೆ ಮತ್ತೊಮ್ಮೆ ಪರೀಕ್ಷೆ, ಆಮೇಲೆ ಎಂಆರ್‌ಐ, ಬೇಕಾದರಷ್ಟೇ ಬಯಾಪ್ಸಿ (ಪ್ರಾಸ್ಟೇಟಿನ ಚೂರು ತೆಗೆದು ಪರೀಕ್ಷಿಸುವುದು). ಆಗ ಮಂಗಳೂರು, ಇಲ್ಲವೇ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್. ನಿಧಾನಕ್ಕೆ ಬೆಳೆಯುವ ಗಡ್ಡೆಯಾದರೆ ಆಪರೇಷನ್ ಇಲ್ಲದೆ, ಆಗಾಗ ಪಿಎಸ್‌ಎ ನೋಡಿಸಿಕೊಂಡೇ ವರ್ಷಗಟ್ಟಲೆ ಇರುವವರೂ ಇದ್ದಾರೆ.